ಐದು ರಾಜ್ಯಗಳ ಔಷಧಶಾಲೆ

“ಕೇಳಿರಪ್ಪೋ ಕೇಳಿ! ನಮ್ಮನ್ನಾಳುವ ಅಮ್ಮಣ್ಣಿ ಚಂಪಲಾದೇವಿಯವರು ಮೂರು ಒಗಟು ಹಾಕುತ್ತಾರೆ. ಬಿಡಿಸಿದವನಿಗೆ ಅವರ ಕೈಹಿಡಿಯುವ ಭಾಗ್ಯ, ತಪ್ಪಿದವನಿಗೆ ಶೂಲ!” ಎಂದು ಕೆಂಗೋಟೆಯ ಬೀದಿಬೀದಿಯಲ್ಲಿ ಡಂಗುರ ಹೊಡೆದರು.

ಕತ್ತೆಗಳ ಮೇಲೆ ಔಷಧಿ ಹೇರುತ್ತಿದ್ದ ಮುದ್ದಯ್ಯನೂ ಕೇಳಿದ. ಜ್ವರ ಹಬ್ಬಿದ ವರ್ಷ ಐದು ರಾಜ್ಯಗಳ ಅರಸರು ಕೂಡಿ ಕೆಂಗೋಟೆಯಲ್ಲಿ ಒಂದು ಔಷಧಶಾಲೆ ತೆರೆದಿದ್ದರು. ಅದಕ್ಕೆ ಹೇರು ತರುವುದು ಅವನ ಕಸುಬು. ಅಮ್ಮಣ್ಣಿಯ ಮಂತ್ರಿಗಳಿಗೆ ಮಾತ್ರ ತಮ್ಮ ಮಾತು ನಡೆಯದ ಆ ಶಾಲೆಯನ್ನು ಕಂಡರೆ ಆಗದು. ಸುಂಕದ ಕಟ್ಟೆಯಲ್ಲಿ ಔಷಧಿಯ ಗಂಟು ಬಿಚ್ಚಿಸುವರು, ವೈದ್ಯರನ್ನು ಎಳೆತರಿಸುವರು. ಹೀಗಾದರೆ ಶಾಲೆ ಎಷ್ಟು ದಿನ ಉಳಿದೀತು ಎಂದು ಮುದ್ದಯ್ಯನಿಗೆ ಚಿಂತೆ.

ಮರುದಿನ ಅವನು ಸಭೆಯ ಹಿಂದುಗಡೆ ನಿಂತ. ಅಮ್ಮಣ್ಣಿ ಕೇಳಿದಳು: “ನನ್ನ ಕೋಟೆಯೊಳಗೇ ಒಂದು ಮನೆ. ಒಳಗಿನವರು ಕರೆಯದೆ ನನ್ನ ಸಿಪಾಯಿ ಹೊಸ್ತಿಲು ದಾಟಬಾರದು. ಆದರೂ ನನ್ನ ಮಾನಕ್ಕೆ ಕುಂದಿಲ್ಲ. ಯಾವುದದು?”

“ಅಂತಃಪುರ” ಎಂದ ಒಬ್ಬ ರಾಜಕುಮಾರ. “ಗುಡಿ” ಎಂದ ಇನ್ನೊಬ್ಬ. ಶೂಲದ ದಿನ ಬರುವವರೆಗೆ ಇಬ್ಬರನ್ನೂ ಸೆರೆಮನೆಗೆ ಎಳೆದೊಯ್ದರು.

ಮುದ್ದಯ್ಯ ಜನರನ್ನು ಸರಿಸಿಕೊಂಡು ಮುಂದೆ ಬಂದ.

“ಅದು ನಮ್ಮ ಔಷಧಶಾಲೆ, ಅಮ್ಮಣ್ಣಿಯವರೇ. ಐವರ ಮನೆಗೆ ಒಬ್ಬರ ಸಿಪಾಯಿ ನುಗ್ಗಿದರೆ ಉಳಿದ ನಾಲ್ವರ ಜನ ನಂಬಿ ಬರುವುದಿಲ್ಲ. ಕರೆದು ಕೂರಿಸಿದವರು ಬಾಗಿಲು ಒಡೆಯಬಾರದು.”

ಅವಳು ಮುಂದಕ್ಕೆ ಬಾಗಿದಳು. “ಸುಂಕದ ಕಟ್ಟೆಯಲ್ಲಿ ಬಿಚ್ಚದೆ ಬಿಟ್ಟರೆ ನನಗೇ ಲಾಭವಾಗುವ ಗಂಟು ಯಾವುದು?”

“ಶಾಲೆಯ ಮುದ್ರೆಯಿರುವ ಗಂಟು. ಬಿಚ್ಚದೆ ಬಿಟ್ಟರೆ ನಿಮ್ಮ ಪ್ರಜೆಗಳೇ ಉಳಿಯುತ್ತಾರೆ. ಹಿಂದಿನ ವರ್ಷ ಸುಂಕದವರು ಅದನ್ನು ಬಿಚ್ಚಿ ಮೂರು ದಿನ ಮಳೆಯಲ್ಲಿ ಬಿಟ್ಟರು. ಔಷಧಿ ಕೊಳೆಯಿತು. ನಮ್ಮಕ್ಕ ಜ್ವರದಲ್ಲಿ ಹೋದಳು.”

ಅಮ್ಮಣ್ಣಿಯ ದನಿ ಮೆತ್ತಗಾಯಿತು. “ಒಬ್ಬನಿಗೆ ನಾನು ಕೊಡೆ ಹಿಡಿಸಿದ್ದೇನೆ. ನೆರಳು ಅವನಿಗೆ, ಕೊಡೆ ಅವನದಲ್ಲ. ಅದೇನು?”

ಮುದ್ದಯ್ಯ ಹೆಗಲ ಮೇಲಿನ ಹೇರಿನ ಹಗ್ಗ ತಿರುವುತ್ತ ಯೋಚಿಸಿದ. ಮಂತ್ರಿಗಳು ನಕ್ಕರು. ಆಗ ಅವನಿಗೆ ತನ್ನ ಕತ್ತೆಯ ನೆನಪಾಯಿತು.

“ವೈದ್ಯರಿಗೆ ಕೊಟ್ಟ ಅಭಯ! ಅವರನ್ನು ಯಾರೂ ಹಿಡಿಯಬಾರದು ಅನ್ನುವುದು ಅವರು ಮಾಡುವ ಕೆಲಸಕ್ಕೆ ಸಂದ ಕೊಡೆ, ಅವರ ಸ್ವಂತದ್ದಲ್ಲ. ಒಬ್ಬ ವೈದ್ಯ ಕುಡಿದು ನನ್ನ ಕತ್ತೆಯ ಕಾಲು ಮುರಿದಾಗ ಶಾಲೆಯ ಹಿರಿಯರೇ ಅವನ ಕೊಡೆ ಮಡಚಿ ಪಂಚಾಯಿತಿಗೆ ಒಪ್ಪಿಸಿದರು.”

“ಗೆದ್ದೆ!” ಎಂದಳು ಅಮ್ಮಣ್ಣಿ. ಮೂರು ಉತ್ತರಗಳನ್ನೂ ಅಲ್ಲೇ ಶಾಸನವಾಗಿ ಬರೆಸಿ, “ಇನ್ನೇನು ಬೇಕು?” ಎಂದಳು.

“ಆ ಇಬ್ಬರನ್ನು ಬಿಟ್ಟುಬಿಡಿ. ಪಾಪ, ಅವರ ಮನೆಯವರು ಕಾಯುತ್ತಿರುತ್ತಾರೆ.”

“ಬಿಟ್ಟೆ. ನನ್ನ ಕೈ?”

ಮುದ್ದಯ್ಯ ತಲೆ ತಗ್ಗಿಸಿದ. “ಡಂಗುರ ಸಾರಿಸಿದ್ದಕ್ಕಾಗಿ ಕೊಡಬೇಡಿ. ಮನಸ್ಸಿದ್ದರೆ ಮಾತ್ರ.”

ಚಂಪಲಾದೇವಿ ಸಿಂಹಾಸನ ಇಳಿದು ಬಂದು, ಹೇರಿನ ಹಗ್ಗ ಎಳೆದು ದಡ್ಡುಗಟ್ಟಿದ ಅವನ ಅಂಗೈಯನ್ನು ತಾನೇ ಹಿಡಿದಳು.