ಹದಿನಾರನೆಯ ಸೋಮವಾರದ ಸಾರು

"ಗುರುಗಳೇ, ನೇಮ ಹಿಡಿದವನು ಕೊನೆಯ ದಿನ ತಪ್ಪಿದರೆ, ಹಿಂದೆ ಮಾಡಿದ್ದೆಲ್ಲ ನೀರಲ್ಲಿ ಹೋಮ ಮಾಡಿದಂತೆಯೇ?" ಎಂದು ಶಿಷ್ಯ ಕೇಳಿದ.

ಗುರುಗಳು ಈ ಕತೆ ಹೇಳಿದರು.

ರೇಷ್ಮೆ ನೂಲು ತೆಗೆಯುವ ಒಂದು ಊರಿನಲ್ಲಿ ಕೂಸಿನ ಮನೆಯಿತ್ತು. ತಾಯಂದಿರು ಬೆಳಿಗ್ಗೆ ಎಳೆಯ ಮಕ್ಕಳನ್ನು ಅಲ್ಲಿ ಬಿಟ್ಟು ಕೆಲಸಕ್ಕೆ ಹೋಗುವರು, ಸಂಜೆ ಬಂದು ಎತ್ತಿಕೊಂಡು ಹೋಗುವರು. ಅಲ್ಲಿಯ ಅಡುಗೆಯಾಕೆಗೆ ತನ್ನ ಕೆಲಸವೆಂದರೆ ಹೆಮ್ಮೆ. ಬೆಳಿಗ್ಗೆ ರಾಗಿ ಗಂಜಿ, ಮಧ್ಯಾಹ್ನ ಮೆತ್ತಗಿನ ಅನ್ನಕ್ಕೆ ತರಕಾರಿ ಸಾರು, ಸಂಜೆ ಬೇಯಿಸಿದ ಹೆಸರುಕಾಳು. ಅಂಗಡಿಯ ತಿಂಡಿ ಪೊಟ್ಟಣ ಹೊಸಿಲು ದಾಟಲು ಬಿಡಳು. ಕಡ್ಡಿಯಂತೆ ಬಂದ ಮಕ್ಕಳು ಆರು ತಿಂಗಳಲ್ಲಿ ತಾಯಂದಿರ ಸೊಂಟಕ್ಕೆ ಭಾರವಾಗುತ್ತಿದ್ದವು.

ಆಕೆಯದೊಂದು ಕಟ್ಟಳೆ. ಬೇಯಿಸಿದವಳು ಮೊದಲು ಒಂದು ಬಟ್ಟಲು ಉಣ್ಣಬೇಕು. ಅರ್ಧ ಗಂಟೆ ಕಾಯಬೇಕು. ಆಮೇಲೆ ಮಕ್ಕಳಿಗೆ ಬಡಿಸಬೇಕು. ಇದನ್ನು ಯಾರೂ ಹೇರಿದ್ದಲ್ಲ, ತಾನೇ ಮಾಡಿಕೊಂಡದ್ದು.

ಆಕೆಯ ಮಗಳಿಗೆ ಮದುವೆಯಾಗಿ ಎಂಟು ವರ್ಷವಾದರೂ ಮಡಿಲು ತುಂಬಿರಲಿಲ್ಲ. ಅದಕ್ಕೆಂದು ಅಡುಗೆಯಾಕೆ ಹದಿನಾರು ಸೋಮವಾರದ ವ್ರತ ಹಿಡಿದಳು. ಹೊತ್ತು ಮುಳುಗುವ ತನಕ ಬಾಯಿಗೆ ಏನೂ ಹಾಕುವಂತಿಲ್ಲ. ಒಂದು ವಾರ ತಪ್ಪಿದರೂ ಮತ್ತೆ ಮೊದಲಿನಿಂದ ಎಣಿಸಬೇಕು. ಆ ಸೋಮವಾರಗಳಲ್ಲಿ ಜೊತೆಯ ಕೆಲಸದವಳು ಬೇಯಿಸಿ, ಉಂಡು ನೋಡುತ್ತಿದ್ದಳು. ಹದಿನೈದು ವಾರ ಹಾಗೇ ಕಳೆಯಿತು.

ಹದಿನಾರನೆಯ ಸೋಮವಾರ ಬೆಳಗಿನ ಗಂಜಿಯಾದ ಮೇಲೆ ಜೊತೆಯವಳು ಜ್ವರ ಬಂದು ಮನೆಗೆ ಹೋದಳು. ಅಡುಗೆಯಾಕೆಯೇ ಸೋರೆಕಾಯಿ ಸಾರು ಮಾಡಿದಳು. ಘಮ ಬೀದಿಯವರೆಗೆ ಹೋಯಿತು. ಆದರೆ ಕಹಿ ಸೋರೆ ಹೊಟ್ಟೆಗೆ ವಿಷ, ಮತ್ತು ಕಹಿ ಮೂಗಿಗೆ ತಿಳಿಯದು. ಎಂದಿನಂತೆ ಹೋಳು ಕಡಿದು ನೋಡುವ ಹಾಗೂ ಇರಲಿಲ್ಲ.

ನಾಲಿಗೆಗೆ ಹಚ್ಚಿ ಉಗುಳಿದರೆ? "ನಾನು ಉಗುಳಿದ್ದನ್ನು ಮಕ್ಕಳು ನುಂಗಬೇಕೇ?" ಎಂದುಕೊಂಡಳು. ನಾಲ್ಕು ವರ್ಷದ ಮಗುವೊಂದು ಬಾಗಿಲಲ್ಲಿ ಇಣುಕುತ್ತಿತ್ತು. ಅದರ ಬಾಯಿಗೆ ಒಂದು ಚಮಚ ಹಾಕಿ ಕೇಳಿದರೆ? ಎತ್ತಿದ ಚಮಚವನ್ನು ಆಕೆ ಕೆಳಗಿಟ್ಟಳು. ಹಸಿದ ಮಕ್ಕಳು ತಟ್ಟೆ ಬಡಿಯತೊಡಗಿದವು.

ಬಟ್ಟಲಿಗೆ ಅನ್ನ ಸಾರು ಹಾಕಿಕೊಂಡು, ಕುಳಿತು ಉಂಡಳು.

ಕೊನೆಯ ತುತ್ತಿನ ಹೊತ್ತಿಗೆ, ಸಂಜೆಯ ಪೂಜೆಗೆಂದು ಬಿಲ್ವಪತ್ರೆ ಹಿಡಿದು ಆಕೆಯ ನಾದಿನಿ ಬಂದಳು.

"ಅಯ್ಯೋ ಅತ್ತಿಗೆ, ಬಾಯಲ್ಲಿ ಅನ್ನ! ಇವತ್ತು ಯಾವ ವಾರ ಅಂತ ಮರೆತೇ ಹೋಯ್ತಾ?"

"ಮರೆತಿಲ್ಲ ಕಣೇ. ಕೂತ್ಕೋ. ಇನ್ನೂ ಅರ್ಧ ಗಂಟೆ ಇದೆ."

ಅರ್ಧ ಗಂಟೆ ಕಳೆಯಿತು. ಆಕೆಗೆ ಏನೂ ಆಗಲಿಲ್ಲ. ಮಕ್ಕಳು ಉಂಡವು, ಮತ್ತೆ ಬೇಕೆಂದು ತಟ್ಟೆ ಚಾಚಿದವು. ನಾದಿನಿಗೆ ತಡೆಯಲಾಗಲಿಲ್ಲ.

"ನೋಡಿದ್ರಾ, ಸಾರು ಚೆನ್ನಾಗೇ ಇತ್ತು. ಕಂಡವರ ಮಕ್ಕಳಿಗೋಸ್ಕರ ಸುಮ್ನೆ ನಿಮ್ಮ ಮೊಮ್ಮಗೂನ ಕೈಯಾರೆ ಕಳ್ಕೊಂಡ್ರಿ."

ಅಡುಗೆಯಾಕೆಯ ಮುಖ ಒಂದು ಗಳಿಗೆ ಬಾಡಿತು. ಆಮೇಲೆ ತಲೆಯೆತ್ತಿದಳು.

"ಚೆನ್ನಾಗಿತ್ತು ಅಂತ ನಿನಗೆ ಹೇಗೆ ಗೊತ್ತಾಯ್ತು? ನಾನು ಉಂಡಿದ್ದಕ್ಕೆ ತಾನೆ?" ಎಂದವಳೇ ಸೌಟು ಹಿಡಿದು ಎರಡನೆಯ ಸಲ ಬಡಿಸಲು ಎದ್ದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಬೆರಳು ಮಡಿಸಿ ಲೆಕ್ಕ ಹಾಕಿದ.

"ಹಾಗಾದರೆ ಮುಂದಿನ ಸೋಮವಾರದಿಂದ ಆಕೆ ಮತ್ತೆ ಒಂದು ಎಂದು ಎಣಿಸಿರಬೇಕು, ಅಲ್ಲವೇ ಗುರುಗಳೇ?"

"ಆಕೆ ಉಂಡಳು ಎಂದೆನಪ್ಪ, ವ್ರತ ಕೆಟ್ಟಿತು ಎಂದು ಯಾವಾಗ ಹೇಳಿದೆ?" ಎಂದರು ಗುರುಗಳು.