ಅರಸನ ಅಂಗಳದಲ್ಲಿ ಕಡಲಪಾಚಿ

ದೇವಪ್ಪರಸ ತನ್ನನ್ನು ಕಡಲೊಡೆಯ ಎಂದು ಕರೆಸಿಕೊಳ್ಳುತ್ತಿದ್ದ. ದೋಣಿ ಹತ್ತಿದರೆ ವಾಂತಿ ಮಾಡುತ್ತಿದ್ದ, ಅದು ಬೇರೆ ಮಾತು.

ದಡಕ್ಕೆ ತೇಲಿಬಂದ ಗಂಧದ ಕೊರಡನ್ನು ಯಾರೋ ಹೊತ್ತೊಯ್ದರೆಂದು ಅವನಿಗೆ ನಿದ್ದೆ ಬರಲಿಲ್ಲ. ಬೆಳಗಾಗುತ್ತಲೇ ಡಂಗುರ ಸಾರಿಸಿದ: "ಅಲೆ ತಂದದ್ದೆಲ್ಲ ಅರಸನ ಸೊತ್ತು. ಮನೆಗೊಯ್ದವರ ಕೈ ಕಡಿಯಲಾಗುವುದು."

ಗೆಣಸು ಬೆಳೆಯುವ ನಾಗು ಆಸ್ಥಾನದ ವಿದೂಷಕ ಮಾಬ್ಲನ ಮನೆಗೆ ಬಂದಳು.

"ಮಾಬ್ಲಣ್ಣ, ಬಳ್ಳಿ ನೆಡುವ ಹೊತ್ತು. ದಡದ ಪಾಚಿಯ ಗೊಬ್ಬರ ಹಾಕದಿದ್ದರೆ ನಮ್ಮ ಮರಳಲ್ಲಿ ಏನು ಬೆಳೆಯುತ್ತದೆ? ಮಕ್ಕಳಿಗೆ ಡಂಗುರ ಬೇಯಿಸಿ ಹಾಕಲೇ?"

"ಪಾಚಿ ಯಾರದ್ದಂತೆ?"

"ಅರಸರದ್ದಂತೆ."

"ಹಾಗಾದರೆ ಅವರ ಮನೆಗೇ ಮುಟ್ಟಿಸಿ, ತಂಗಿ. ಕೇರಿಯವರೆಲ್ಲ ಸೇರಿ."

ಮರುದಿನ ಅರಮನೆಯ ಅಂಗಳದಲ್ಲಿ ಆಳೆತ್ತರದ ಪಾಚಿ ರಾಶಿ. ಬಿಸಿಲೇರಿತು, ನೊಣ ಬಂದವು, ನಾತ ಒಳಮನೆಗೂ ನುಗ್ಗಿತು. ಅರಸಿ ಮೂಗಿಗೆ ಸೆರಗೊತ್ತಿಕೊಂಡು ತವರಿಗೆ ಹೊರಟಳು.

"ಏನಿದು ಹೊಲಸು?" ಅರಸ ಕೇಳಿದ.

"ನಿಮ್ಮ ಸೊತ್ತು, ಪ್ರಭು," ಎಂದ ಮಾಬ್ಲ. "ಪ್ರಜೆಗಳು ಬಹಳ ನಿಯತ್ತಿನವರು."

"ಕಡಲಿಗೆ ಎಸೆಯಿರಿ."

"ಅಲೆ ಮತ್ತೆ ತರುತ್ತದೆ. ಅವರು ಮತ್ತೆ ಇಲ್ಲಿಗೇ ತರುತ್ತಾರೆ."

"ಯಾರಾದರೂ ಮನೆಗೊಯ್ಯಲಿ ಮಾರಾಯ."

"ಕೈ ಇಲ್ಲದೆ ಹೇಗೆ ಒಯ್ಯುತ್ತಾರೆ, ಪ್ರಭು?"

ಅರಸ ಶಲ್ಯದಿಂದ ಮೂಗು ಮುಚ್ಚಿಕೊಂಡ. "ಕೈ ಕಡಿಯುವುದಿಲ್ಲ. ಈಗಲೇ ಒಯ್ಯಲಿ."

ಹೆಬ್ಬಾಗಿಲಲ್ಲಿ ನಿಂತಿದ್ದ ನಾಗು ಕೈಮುಗಿದಳು. "ಈಗಲೇ ಆಗುವುದಿಲ್ಲ, ಒಡೆಯಾ. ಉಪ್ಪು ತೊಳೆದುಹೋಗದೆ ಹಾಕಿದರೆ ಬಳ್ಳಿ ಸುಟ್ಟುಹೋಗುತ್ತದೆ. ಎರಡು ಮಳೆ ಬೀಳಲಿ, ಅಲ್ಲಿಯವರೆಗೆ ಇಲ್ಲೇ ಇರಲಿ. ನಿಮ್ಮ ಅಂಗಳ ದೊಡ್ಡದು."

ಅರಸ ಆಕಾಶ ನೋಡಿದ. ಒಂದು ಮೋಡವೂ ಇರಲಿಲ್ಲ.

ಆ ಮಧ್ಯಾಹ್ನ ಅರಮನೆಯ ಪಹರೆಯವರು, ಅಡುಗೆಯವರು, ಹೊಗಳುಭಟರು ಎಲ್ಲ ಬಾವಿಯಿಂದ ನೀರು ಸೇದಿ ಪಾಚಿ ತೊಳೆದರು. ಬುಟ್ಟಿಯಲ್ಲಿ ಹೊತ್ತು ನಾಗುವಿನ ಕೇರಿಯ ಗೆಣಸಿನ ಸಾಲುಗಳಿಗೆಲ್ಲ ಹಾಕಿ ಬಂದರು. ಹೊಗಳುಭಟರು ಅಂದು ಯಾರನ್ನೂ ಹೊಗಳಲಿಲ್ಲ.

ಅಂಗಳ ಖಾಲಿಯಾದದ್ದೇ ಅರಸನಿಗೆ ಗತ್ತು ಮರಳಿತು. "ನೋಡು ಮಾಬ್ಲ, ಪಾಚಿಯೊಂದು ಅವರದ್ದಾಗಲಿ. ಅಲೆ ತರುವ ಉಳಿದದ್ದೆಲ್ಲ ಈಗಲೂ ನನ್ನದೇ."

"ಅಪ್ಪಣೆ, ಪ್ರಭು. ಹಾಗಾದರೆ ಹೆಬ್ಬಾಗಿಲು ಸ್ವಲ್ಪ ಅಗಲ ಮಾಡಿಸಿಬಿಡಿ."

"ಅದೇಕೆ?"

"ಸತ್ತ ತಿಮಿಂಗಿಲವೊಂದು ದಡದ ಕಡೆಗೇ ತೇಲಿ ಬರುತ್ತಿದೆಯಂತೆ."