ಒಲೆಯ ನೀಲಗಂಗವ್ವ

ಬಹಳ ಹಿಂದೆ, ನಮ್ಮ ಅಜ್ಜನ ಅಜ್ಜನೂ ಹುಟ್ಟಿರದ ಕಾಲಕ್ಕೆ, ಕೆಂಪನಹಾಳ ಅಂತ ಒಂದೂರು. ನಾವೀಗ ಕೂತಿದ್ದೀವಲ್ಲ, ಇದೇ ಊರು. ಅಲ್ಲಿ ನೀಲಗಂಗವ್ವ ಅಂತ ಒಬ್ಬಳು ಕುಂಬಾರತಿ ಇದ್ದಳಂತೆ. ಅವಳು ಒಲೆ ಮಾಡಿದರೆ ಹಸಿ ಸೌದೆಯೂ ಉರಿಯುತ್ತಿತ್ತಂತೆ. ಎಲ್ಲಾ ಶಿವನ ಕೃಪೆ.

ಆಗ ಊರಿಗೆ ದೊಡ್ಡ ಬೇನೆ ಬಂದು ಓಣಿ ಓಣಿಯೇ ಬರಿದಾಯಿತು. ಸೀಮೆಯ ದೊರೆಯದೊಂದು ಕಟ್ಟಳೆ. ನೂರು ಮನೆಯಲ್ಲಿ ಒಲೆಯ ಹೊಗೆ ಏಳುವ ಊರಿಗೆ ಮಾತ್ರ ಸಂತೆ. ಕಡಿಮೆಯಾದರೆ ಸಂತೆ ಹೊಳೆಯಾಚೆಗೆ. ಸಂತೆ ಹೋದರೆ ಉಳಿದವರ ಅನ್ನವೂ ಹೋಯಿತು.

ನೀಲಗಂಗವ್ವ ಏನು ಮಾಡಿದಳು? ಒಲೆಗಳನ್ನು ಬಂಡಿಗೆ ಹೇರಿ ದಾರಿ ಕೂಡುವಲ್ಲಿ ಹೋಗಿ ಕೂತಳಂತೆ. ನೆಲೆಯಿಲ್ಲದೆ ಬಂದವರಿಗೆಲ್ಲ, ಒಲೆ ತಗೋ, ನಮ್ಮೂರಲ್ಲಿ ಹೂಡು ಅಂದಳಂತೆ. ಹತ್ತಿ ಹಿಂಜುವ ಪಿಂಜಾರರು ಬಂದರು. ಬುಟ್ಟಿ ಹೆಣೆಯುವ ಮೇದಾರರು ಬಂದರು. ಗಾಣದವರು ಬಂದರು, ಲಂಬಾಣಿಗಳು ಬಂದರು. ಬರೀ ಜೋಳ ಮಾರುತ್ತಿದ್ದ ಸಂತೆಗೆ ಎಣ್ಣೆ ಬಂತು, ಹಾಸಿಗೆ ಬಂತು, ಬುಟ್ಟಿ ಬಂತು. ಒಂದೇ ಸೀರೆ ಒಗೆದು ಉಡುತ್ತಿದ್ದವಳಿಗೆ ಎರಡನೆಯ ಸೀರೆ ಬಂತು!

ಆದರೂ ಊರಗೌಡ ಬರಮಪ್ಪನಿಗೆ ಸಿಟ್ಟು. "ಏನವ್ವಾ, ದಾರ್‍ಯಾಗ ಹೋಗೋರನ್ನೆಲ್ಲ ಎಳಕೊಂಡು ಬರ್ತೀಯಲ್ಲ, ಇದು ಊರೋ ಛತ್ರವೋ?"

"ಒಲಿ ಯಾರ ಕುಲಾನೂ ಕೇಳೂದಿಲ್ರಿ ಗೌಡ್ರ, ಸೌದಿ ಅಷ್ಟ ಕೇಳತೈತಿ," ಅಂದಳಂತೆ ಅವಳು.

ಹೊಸಬರು ದುಡಿದರು, ಮಾರಿದರು. ಆದರೆ ಹಳಬರ ಹೊಸ್ತಿಲು ಮಾತ್ರ ದಾಟಲಿಲ್ಲ.

ಹೀಗಿರಲು ಶಿವರಾತ್ರಿ ಬಂತು. ನಮ್ಮ ಹಳಬರ ಭಕ್ತಿ ಕೇಳಿ! ತಾವು ಉಪವಾಸ ಇದ್ದದ್ದು ಸಾಲದು ಅಂತ ಒಲೆಗೂ ಉಪವಾಸ. ಕೆಂಡ ಆರಿಸಿ, ಬೂದಿ ತೆಗೆದು, ಸಾರಿಸಿ, ರಂಗೋಲಿ ಹಾಕಿಬಿಡುವರು. ಅದೇ ಸಂಜೆ ದೊರೆಯ ಆಳುಗಳು ಹೇಳದೆ ಕೇಳದೆ ಬಂದು ಗುಡ್ಡ ಹತ್ತಿದರಂತೆ, ಹೊಗೆ ಎಣಿಸಲಿಕ್ಕೆ!

ನೋಡಿದರೆ ಹೊಗೆ ಎಲ್ಲಿದೆ? ಹೊಸಬರ ಓಣಿಯಲ್ಲಿ ಮಾತ್ರ. ಊರೆಲ್ಲ ತಣ್ಣಗೆ. ಹಳಬರ ಒಂದು ಮನೆಯಲ್ಲೂ ಕಿಡಿಯಿಲ್ಲ. ಹೊತ್ತು ಮುಳುಗುತ್ತಿದೆ. ಗುಡ್ಡದ ಮೇಲೆ ಆಳುಗಳನ್ನು ಕಂಡದ್ದೇ ನೀಲಗಂಗವ್ವ ಓಡಿದಳಂತೆ, ಸೆರಗು ಎಲ್ಲೋ, ಕಾಲು ಎಲ್ಲೋ! "ಬೆಂಕಿ ತರ್‍ರವ್ವಾ, ಬೆಂಕಿ!" ಕೂಗಿದ್ದೇ ತಡ, ಹೊಸಬರ ಹೆಂಗಸರೆಲ್ಲ ಹಂಚಿನಲ್ಲಿ ಕೆಂಡ ಹಿಡಿದು ಹೊರಟರು.

ಮುಂದೆ ಪಿಂಜಾರರ ಮಾಬೂಬಿ. ಗೌಡರ ಹೊಸ್ತಿಲಲ್ಲಿ ಬಂದು ನಿಂತೇಬಿಟ್ಟಳು. ಕೆಂಡದ ಮೇಲೆ ಬೂದಿ ಕಟ್ಟುತ್ತಿದೆ. ಹಿಂದಿನವರೂ ನಿಂತರು. ಗೌಡ ಗುಡ್ಡ ನೋಡಿದ, ಕೆಂಡ ನೋಡಿದ.

"ಇವತ್ತು ಒಲಿ ಹಚ್ಚಿದ್ರ ವ್ರತ ಕೆಡೂದಿಲ್ಲೇನವ್ವಾ?" ಅಂದನಂತೆ.

"ಶಿವ ಹೊಟ್ಟಿಗೆ ಉಪವಾಸ ಅಂದಾನ್ರೀ, ಒಲಿಗಲ್ಲ. ಅವನ ಎಡೀಗೆ ಹಾಲು ಕಾಸ್ರಿ!" ಅಂದಳು ಹಿಂದಿನಿಂದ ನೀಲಗಂಗವ್ವ.

ಗೌಡ ರುಮಾಲು ತೆಗೆದು ಪಕ್ಕಕ್ಕೆ ಸರಿದು ಮಾಬೂಬಿಗೆ ಅಂದ, "ಬಾ ತಂಗೀ, ಒಳಗ ಬಾ. ನಿನ್ನ ಕೈಲೇ ಹಚ್ಚು."

ಒಂದು ಬಾಗಿಲು ತೆರೆದದ್ದೇ ಎಲ್ಲ ಬಾಗಿಲೂ ತೆರೆದವು. ಹೊಗೆ ಎದ್ದಿತು ನೋಡಿ! ಗುಡ್ಡದ ಮೇಲಿನ ಆಳುಗಳು ನೂರರ ತನಕ ಎಣಿಸಿ, ಮುಂದೆ ಕಣ್ಣುರಿ ತಾಳದೆ ಇಳಿದುಬಿಟ್ಟರಂತೆ. ಸಂತೆ ಉಳಿಯಿತು. ಹರಹರಾ!

ಈಗ ಮನೆಮನೆಗೂ ಗ್ಯಾಸ್ ಇದೆ. ಆದರೂ ಶಿವರಾತ್ರಿ ಸಂಜೆ ನಮ್ಮೂರಲ್ಲಿ ಯಾರೂ ತಮ್ಮ ಬೆಂಕಿಯಿಂದ ಹಾಲು ಕಾಸುವುದಿಲ್ಲ. ಬೇರೆ ಕುಲದವರ ಮನೆಯ ಸೌದೆ ಒಲೆಯಿಂದ ಹಂಚಿನಲ್ಲಿ ಕೆಂಡ ತರುತ್ತಾರೆ. ಊರಿಗೆ ಹೊಸದಾಗಿ ಯಾರೇ ಬರಲಿ, ಅಂಗಳಕ್ಕೊಂದು ಮಣ್ಣಿನ ಒಲೆ ಇಟ್ಟು ಬರುತ್ತೇವೆ. ಅದು ಹೊತ್ತಿ ಉರಿದ ಮೇಲೆಯೇ ಕೇಳುವುದು, ನಿಮ್ಮ ಹೆಸರೇನು ಅಂತ.